ಪ್ರತಿವಾದಿ ದೇಶದ ಪರವಾಗಿ

ಹೊಸೂರು ಕೋರ್ಟಿನ ಕ್ಯಾಂಟೀನಿನಲ್ಲಿ ನನಗೊಂದು ಹೆಸರು ಬಿದ್ದಿದೆ, ‘ನರಮೇಧದ ಲಾಯರು’ ಅಂತ. ನನ್ನೆದುರಿಗೆ ಯಾರೂ ಅನ್ನುವುದಿಲ್ಲ. ಬೆನ್ನ ಹಿಂದೆ ಅನ್ನುತ್ತಾರೆ, ಅದೂ ಪ್ರೀತಿಯಿಂದಲೇ. ನಿವೃತ್ತನಾಗಿ ಬಾಗಲೂರಿಗೆ ಬಂದು ನೆಲೆಸಿದ ಮೇಲೆ ಆಗಾಗ ಬಸ್ಸು ಹತ್ತಿ ಹೊಸೂರಿಗೆ ಹೋಗುತ್ತೇನೆ. ವಕಾಲತ್ತು ಮಾಡಲಿಕ್ಕಲ್ಲ. ಆ ಕ್ಯಾಂಟೀನಿನ ವಡೆ ಚೆನ್ನಾಗಿರುತ್ತದೆ, ಮತ್ತು ಹೊಸದಾಗಿ ಕರಿ ಕೋಟು ತೊಟ್ಟ ಹುಡುಗ ಹುಡುಗಿಯರು ನಾನು ಹೇಳಿದ್ದನ್ನು ಕೂತು ಕೇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ನನಗೆ ಆ ಭಾಗ್ಯ ಇಲ್ಲ. ಏನೆಲ್ಲ ಮಾತಾಡಿದರೂ ಕೊನೆಗೆ ಅವರು ಕೇಳುವುದು ಒಂದೇ ಪ್ರಶ್ನೆ: ಒಂದು ಜನಾಂಗವನ್ನೇ ಅಳಿಸಿಹಾಕಲು ಹೊರಟಿದೆ ಎಂಬ ಆಪಾದನೆ ಹೊತ್ತ ದೇಶದ ಪರವಾಗಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತಿರಲ್ಲ ಸಾರ್, ನಿಮಗೆ ಏನೂ ಅನ್ನಿಸಲಿಲ್ಲವೆ? ವಡೆ ಆರುವುದರೊಳಗೆ ಹೇಳಿ ಮುಗಿಸುವ ಉತ್ತರವಲ್ಲ ಅದು. ಹಾಗಾಗಿ ಬರೆಯಲು ಕೂತಿದ್ದೇನೆ.

ಆ ದೇಶದ ಹೆಸರು ಹೇಳುವುದಿಲ್ಲ. ಊಹಿಸಲೂ ಹೋಗಬೇಡಿ, ತಪ್ಪುತ್ತೀರಿ. ಆಗ ಆ ದೇಶದ ಪರವಾಗಿ ನಿಂತಿದ್ದ ಹಿರಿಯ ವಕೀಲೆಯನ್ನು, ನಾನು ಅಮ್ಮನವರು ಎನ್ನುವವರನ್ನು, ಕೇಳಿ, ಹೆಸರುಗಳನ್ನು ಬಿಟ್ಟು ಮಿಕ್ಕಿದ್ದು ಬರೆದುಕೊಳ್ಳಿ ಎಂದು ಅವರಿಂದ ಹೇಳಿಸಿಕೊಂಡೇ ಬರೆಯುತ್ತಿದ್ದೇನೆ. ಕಕ್ಷಿದಾರನ ಗುಟ್ಟು ರಟ್ಟು ಮಾಡುವ ವಕೀಲ ಮಾತ್ರ ನೀವು ಆಗಬೇಡಿ.

ಹೊಸೂರಿನ ಮುನ್ಸೀಫ್ ಕೋರ್ಟಿನಲ್ಲಿ ನನ್ನ ಸೀನಿಯರ್ ಆಗಿದ್ದವರು ಮುನಿವೆಂಕಟಪ್ಪನವರು. ಕಕ್ಷಿದಾರರ ಕಷ್ಟವನ್ನು ಕನ್ನಡದಲ್ಲೋ ತೆಲುಗಿನಲ್ಲೋ ಕೇಳಿಸಿಕೊಂಡು, ಸಾಕ್ಷಿಯನ್ನು ತಮಿಳಿನಲ್ಲಿ ವಿಚಾರಿಸಿ, ಅರ್ಜಿಯನ್ನು ಇಂಗ್ಲಿಷಿನಲ್ಲಿ ಹೇಳಿ ಬರೆಸಿ, ನನ್ನನ್ನು ಮಾತ್ರ ನಾಲ್ಕೂ ಭಾಷೆಯಲ್ಲಿ ಬೈಯುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತು, ಆಮೇಲೆ ಹೊರದೇಶದಲ್ಲಿ ಓದಲು ಹೋಗಿ, ದೇಶದೇಶಗಳ ನಡುವಿನ ವ್ಯಾಜ್ಯ ನಡೆಸುವ ಒಂದು ವಕೀಲರ ಕಚೇರಿ ಸೇರಿಕೊಂಡೆ. ಹೇಗೆ ಸೇರಿದೆ, ಯಾವಾಗ ಮೇಲೇರಿದೆ ಎಂಬುದೆಲ್ಲ ಅರ್ಜಿ ಹಾಕಿ ಕಾದ ಕಥೆ. ನನಗೇ ಬೇಸರ, ನಿಮಗೇಕೆ?

ಕೆಲಸ ಎಂಥದು ಎಂದು ಮೊದಲು ಹೇಳಿಬಿಡುತ್ತೇನೆ. ನೆದರ್ಲೆಂಡ್ಸಿನಲ್ಲಿರುವ ಆ ನ್ಯಾಯಾಲಯದಲ್ಲಿ ವಾದಿಯೂ ದೇಶ, ಪ್ರತಿವಾದಿಯೂ ದೇಶ. ಕಟಕಟೆಯಲ್ಲಿ ಯಾರೂ ನಿಲ್ಲುವುದಿಲ್ಲ, ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಪ್ರತಿ ದೇಶವೂ ತನ್ನ ಪರವಾಗಿ ಒಬ್ಬರನ್ನು ನೇಮಿಸುತ್ತದೆ. ಅವರನ್ನು ಏಜೆಂಟ್ ಎನ್ನುತ್ತಾರೆ. ನಮ್ಮ ಕಡೆ ಏಜೆಂಟ್ ಅಂದರೆ ಸೈಟು ಮಾರುವವನು, ಇಲ್ಲವೆ ವಿಮೆ ಮಾಡಿಸುವವನು. ಗುಮ್ಮಳಾಪುರದಲ್ಲಿರುವ ನನ್ನ ಅಕ್ಕ, ತಮ್ಮ ಲಾಯರಿಕೆ ಬಿಟ್ಟು ಯಾರೋ ಏಜೆಂಟರ ಹಿಂದೆ ಫೈಲು ಹೊತ್ತು ತಿರುಗುತ್ತಿದ್ದಾನೆ ಎಂದು ಬಹಳ ಕಾಲ ನೊಂದುಕೊಂಡಿದ್ದಳು. ಅಲ್ಲಿ ಏಜೆಂಟ್ ಆಡಿದ ಮಾತೆಂದರೆ ಆ ದೇಶವೇ ಆಡಿದ ಮಾತು. ಕೋರ್ಟಿನಲ್ಲಿ ಒಮ್ಮೆ ಒಂದು ಭರವಸೆ ಕೊಟ್ಟರೆ, ಆಮೇಲೆ ದೇಶ ಅದರಿಂದ ನುಣುಚಿಕೊಳ್ಳುವಂತಿಲ್ಲ.

ಅಲ್ಲಿ ಮೊದಲ ಸಲ ಮಾತಾಡಲು ಎದ್ದಾಗ ನಾನು ಮಾಡಿದ್ದು ಅಪ್ಪಟ ಹೊಸೂರಿನ ತಪ್ಪು. ನಮ್ಮಲ್ಲಿ ಕೇಸು ಕೂಗಿದಾಗ ನ್ಯಾಯಾಧೀಶರ ಕಣ್ಣು ಆಗಲೇ ಮುಂದಿನ ಕಟ್ಟಿನ ಮೇಲಿರುತ್ತದೆ. ಹೇಳುವುದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡಬೇಕು, ಇಲ್ಲದಿದ್ದರೆ ವಾಯಿದೆ. ಅದೇ ಅಭ್ಯಾಸದಲ್ಲಿ ಅಲ್ಲಿಯೂ ಮಾತಿನಲ್ಲಿ ಓಟ ಕಿತ್ತೆ. ನಮ್ಮ ಮಾತನ್ನು ಫ್ರೆಂಚಿಗೆ ತಿರುಗಿಸುವವರು ಗಾಜಿನ ಕೋಣೆಯಲ್ಲಿ ಕೂತಿರುತ್ತಾರೆ ಎಂಬುದು ಮರೆತೇ ಹೋಗಿತ್ತು. ಮುಖ್ಯ ನ್ಯಾಯಾಧೀಶರು ಕೈಯೆತ್ತಿ, ಸ್ವಲ್ಪ ಅವರ ಮೇಲೂ ದಯೆ ಇರಲಿ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಊಟದ ವಿರಾಮದಲ್ಲಿ ಅನುವಾದಕಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದು, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದರಾ ಎಂದು ಕೇಳಿದಳು. ಅಂದಿನಿಂದ ನನ್ನ ಭಾಷಣದ ಪ್ರತಿ ಹಾಳೆಯ ನೆತ್ತಿಯ ಮೇಲೂ ‘ನಿಧಾನ’ ಎಂದು ಕನ್ನಡದಲ್ಲಿ ಬರೆದುಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಕೋರ್ಟುಗಳಲ್ಲಿ ಪ್ರತಿವಾದಿಯ ಹೇಳಿಕೆ ಹೇಗೆ ಶುರುವಾಗುತ್ತದೆ ಎಂಬುದು ನಿಮಗೆ ಗೊತ್ತು. ವಾದಿ ಹೇಳಿದ್ದೆಲ್ಲ ಸುಳ್ಳು, ಒಂದೊಂದನ್ನೂ ಅಲ್ಲಗಳೆಯುತ್ತೇವೆ, ವಾದಿಯೇ ರುಜುವಾತು ಮಾಡತಕ್ಕದ್ದು. ಎದುರಿನವನು ಇವತ್ತು ಸೋಮವಾರ ಎಂದು ಬರೆದಿದ್ದರೂ ಅದನ್ನೂ ಅಲ್ಲಗಳೆಯುವವರು ನಾವು. ಗಡಿಯ ಬೆಟ್ಟವೊಂದರ ಜನರನ್ನು ಹಸಿವಿನಿಂದ ಸಾಯಿಸುತ್ತಿದ್ದಾರೆ ಎಂಬ ಆ ಜನಾಂಗಹತ್ಯೆಯ ಮೊಕದ್ದಮೆಯಲ್ಲಿ ಮೊದಲ ಕರಡು ಬರೆಯಲು ಹೇಳಿದಾಗ ನಾನು ಕೈಗೆ ಬಂದ ಹಾಗೆ ಅದನ್ನೇ ಬರೆದೆ.

ನಮ್ಮ ತಂಡಕ್ಕೆ ಹಿರಿಯರಾಗಿದ್ದವರು ಒಬ್ಬ ಮುದಿ ಪ್ರೊಫೆಸರು. ವಿಶೇಷಣಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ‘ಘೋರ’, ‘ಹೇಯ’ ಮೊದಲಾದವೆಲ್ಲ ಎದುರು ಪಕ್ಷದ ಸ್ವತ್ತು, ನಮಗೆ ಬೇಡ ಎನ್ನುತ್ತಿದ್ದರು. ಯಾವ ಮೊಕದ್ದಮೆ ಬಂದರೂ ಮೊದಲು ನಮ್ಮಿಂದ ಎದುರು ಪಕ್ಷದ ವಾದ ಮಾಡಿಸಿ, ನಾವು ಗೆಲ್ಲುವ ತನಕ ಬಿಡುತ್ತಿರಲಿಲ್ಲ. ಅವರು ನನ್ನ ಕರಡು ಓದಿ, ತಾವೇ ಚಹಾ ಮಾಡಿ ಕೊಟ್ಟು ಕೂರಿಸಿಕೊಂಡರು. ಆ ಬೆಟ್ಟದ ಜನ ಸತ್ತಿಲ್ಲವೆ ಎಂದು ಕೇಳಿದರು. ಸತ್ತಿದ್ದಾರೆ ಎಂದೆ. ಮಕ್ಕಳು ಹಸಿದಿಲ್ಲವೆ? ಹಸಿದಿವೆ. ಮತ್ತೆ ಇಲ್ಲ ಎಂದು ಏಕೆ ಬರೆದೆ? ನಮ್ಮ ಕಡೆ ಹಾಗೆ ಬರೆಯುವುದು ಪದ್ಧತಿ ಎಂದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

ಅವತ್ತು ಅವರು ಕಲಿಸಿದ್ದು ಇದು. ಜನಾಂಗಹತ್ಯೆ ಎಂಬ ಆಪಾದನೆಯ ಜೀವ ಇರುವುದು ಉದ್ದೇಶದಲ್ಲಿ. ಇಂಥ ಜನ ಎಂಬ ಕಾರಣಕ್ಕೇ ಆ ಜನವನ್ನು ನಾಶಮಾಡಬೇಕು ಎಂಬ ಉದ್ದೇಶ ಇತ್ತು ಎಂದು ವಾದಿ ತೋರಿಸಬೇಕು. ಇಲ್ಲದಿದ್ದರೆ ಅದು ಬೇರೆ ಅಪರಾಧವಾದೀತು, ದೊಡ್ಡ ಅಪರಾಧವೇ ಆದೀತು, ಜನಾಂಗಹತ್ಯೆ ಆಗುವುದಿಲ್ಲ. ನಮ್ಮ ಮೊಕದ್ದಮೆಯಲ್ಲಿ ಆ ನ್ಯಾಯಾಲಯ ತೀರ್ಪು ಕೊಡಬಹುದಾದದ್ದು ಅದೊಂದರ ಬಗ್ಗೆ ಮಾತ್ರ. ಹಾಗಾಗಿ ಪ್ರತಿವಾದಿ ದೇಶದ ವಕೀಲ ಸಾವನ್ನು ಅಲ್ಲಗಳೆಯಬಾರದು, ಉದ್ದೇಶವನ್ನು ಅಲ್ಲಗಳೆಯಬೇಕು. ಸತ್ತವರನ್ನು ಸತ್ತಿಲ್ಲ ಎಂದವನು ಆಮೇಲೆ ಏನು ಹೇಳಿದರೂ ಯಾವ ನ್ಯಾಯಾಧೀಶರೂ ನಂಬುವುದಿಲ್ಲ. ಕೇಳಲು ನಿರ್ದಯವಾಗಿದೆ, ಅಲ್ಲವೆ? ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಮಾತು ಸರಿ ಎಂದೂ ಗೊತ್ತಾಗಿತ್ತು.

ನಾನಿದ್ದಷ್ಟು ಕಾಲದಲ್ಲೇ ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಕಾಗದದ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ತರುತ್ತಿದ್ದೆವು. ಈಗ ಸೈನಿಕನೊಬ್ಬ ತನ್ನ ಮೊಬೈಲಿನಲ್ಲಿ ಹಿಡಿದ ವಿಡಿಯೋ, ಮಂತ್ರಿಯೊಬ್ಬ ಯಾವುದೋ ಸಭೆಯಲ್ಲಿ ಬಾಯಿಗೆ ಬಂದಂತೆ ಕೂಗಿದ ಮಾತು, ಉಪಗ್ರಹ ತೆಗೆದ ಚಿತ್ರ, ಎಲ್ಲವೂ ಸಾಕ್ಷಿ. ಪ್ರತಿವಾದಿ ವಕೀಲನಿಗೆ ಅತಿ ದೊಡ್ಡ ಶತ್ರು ಎದುರು ಪಕ್ಷದವನಲ್ಲ, ತನ್ನ ಕಡೆಯ ಮೈಕಿನ ಮುಂದೆ ನಿಂತ ಮಂತ್ರಿ. ವಾದವೆಲ್ಲ ಈಗ ನೇರ ಪ್ರಸಾರವಾಗುವುದರಿಂದ ವಕೀಲರು ಕ್ಯಾಮೆರಾ ನೋಡಿ ಮಾತಾಡುವುದೂ ಶುರುವಾಗಿದೆ. ನಮ್ಮ ಅಕ್ಕನ ಮೊಮ್ಮಕ್ಕಳು ಗುಮ್ಮಳಾಪುರದಲ್ಲಿ ಮೊಬೈಲು ಹಿಡಿದು ಕೂತು ನನಗಾಗಿ ಕಾದರಂತೆ. ಅವರಿಗೆ ಕಂಡದ್ದು ಎರಡನೆಯ ಸಾಲಿನಲ್ಲಿ ಕತ್ತು ಕೆರೆದುಕೊಳ್ಳುತ್ತಿದ್ದ ಒಂದು ಬೋಳುತಲೆ.

ಇನ್ನು ಆ ಮೊಕದ್ದಮೆ. ಪ್ರತಿವಾದಿ ದೇಶದ ಗಡಿಯಲ್ಲಿ ಒಂದು ಬೆಟ್ಟದ ಸೀಮೆ. ಅಲ್ಲಿನ ಜನರ ಭಾಷೆ ಬೇರೆ, ದೇವರು ಬೇರೆ. ಅಲ್ಲಿ ದಂಗೆ ಎದ್ದಿತು ಎಂದು ಸೈನ್ಯ ಹೋಯಿತು, ಬೆಟ್ಟಕ್ಕೆ ಹೋಗುವ ಒಂದೇ ಒಂದು ರಸ್ತೆಯನ್ನು ಮುಚ್ಚಿತು. ಹಿಟ್ಟು, ಔಷಧಿ ಹೊತ್ತ ಲಾರಿಗಳು ತಪಾಸಣೆಯ ಹೆಸರಿನಲ್ಲಿ ಕೆಳಗೇ ನಿಂತವು. ನೆರೆಯ ದೇಶವೊಂದು ಮೊಕದ್ದಮೆ ಹೂಡಿ, ಪೂರ್ತಿ ವಿಚಾರಣೆಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಈ ಜನ ಉಳಿದಿರುವುದಿಲ್ಲ, ರಸ್ತೆ ತೆರೆಯುವಂತೆ ಮೊದಲು ಮಧ್ಯಂತರ ಆದೇಶ ಕೊಡಿ ಎಂದು ಕೇಳಿತು. ನಮ್ಮ ಇಂಜಂಕ್ಷನ್ ಇದ್ದ ಹಾಗೆ. ನಮ್ಮ ಕಕ್ಷಿದಾರ ಸರ್ಕಾರ ನಮಗೆ ಕಳಿಸಿದ ಉತ್ತರ, ರಸ್ತೆ ತಾತ್ವಿಕವಾಗಿ ತೆರೆದೇ ಇದೆ ಎಂದು. ತಾತ್ವಿಕವಾಗಿ ತೆರೆದ ರಸ್ತೆಯಲ್ಲಿ ಲಾರಿ ಓಡುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ವಿಚಾರಣೆಗೆ ಮೊದಲು ಎರಡೂ ಕಡೆಯವರನ್ನು ವಾದದ ವೇಳೆ ಹಂಚಲು ಕರೆದಿದ್ದರು. ಕಾಫಿ ಯಂತ್ರದ ಬಳಿ ಎದುರು ಪಕ್ಷದ ಒಬ್ಬ ಕಿರಿಯ ವಕೀಲೆ ನಿಂತಿದ್ದಳು. ಅಲ್ಲಿ ಎದುರಾಳಿ ವಕೀಲರು ನಮಸ್ಕಾರ ಮಾಡಿಕೊಳ್ಳುವುದು, ಹವೆಯ ಬಗ್ಗೆ ನಾಲ್ಕು ಮಾತಾಡುವುದು ವಾಡಿಕೆ. ನಾನೂ ಮಳೆಯ ಬಗ್ಗೆ ಏನೋ ಅಂದೆ. ಅವಳು ಮಳೆಯ ಮಾತು ಬಿಟ್ಟು, ತಾನು ಆ ಬೆಟ್ಟದವಳೇ ಎಂದಳು. ಓದಲು ಹೊರಗೆ ಬಂದವಳು ಉಳಿದುಕೊಂಡಳು, ತಾಯಿ ಅಲ್ಲೇ ಇದ್ದಾಳೆ, ತಿಂಗಳುಗಳಿಂದ ಫೋನು ಹೋಗುತ್ತಿಲ್ಲ. ಆಪಾದಿಸುವ ದನಿಯಲ್ಲಿ ಹೇಳಲಿಲ್ಲ, ವಿಳಾಸ ಹೇಳುವ ಹಾಗೆ ಹೇಳಿದಳು. ನಾನು ಕಾಫಿ ಲೋಟವನ್ನು ಅಲ್ಲೇ ಬಿಟ್ಟು ಬಂದೆ.

ಆ ಭಾನುವಾರ ಬೆಳಗ್ಗೆ ಅಕ್ಕನಿಂದ ಫೋನು ಬಂತು. ಟೀವಿಯಲ್ಲಿ ಆ ಬೆಟ್ಟವನ್ನು ತೋರಿಸಿದ್ದರಂತೆ.

“ಅಲ್ಲ ಕಣ್ಲಾ ಕಿಟ್ಟ, ಆ ಮಕ್ಳು ಹಸ್ಕೊಂಡವೆ ಅಂತ ತೋರುಸ್ತಾವ್ರೆ. ದಿಟ್ವಾ?”

ದಿಟ ಎಂದೆ. ಪ್ರೊಫೆಸರು ಕಲಿಸಿದ್ದನ್ನು ನನಗೆ ಬಂದ ಕನ್ನಡದಲ್ಲಿ ಅವಳಿಗೆ ವಿವರಿಸಿದೆ. ಹಸಿವು ಇದೆ ಅಕ್ಕ, ಆದರೆ ಆ ಜನವನ್ನು ನಾಶಮಾಡುವ ಉದ್ದೇಶ ಇತ್ತೋ ಇಲ್ಲವೋ ಎಂಬುದೇ ಪ್ರಶ್ನೆ. ಅಕ್ಕ ಅಷ್ಟನ್ನೂ ಕೇಳಿಸಿಕೊಂಡಳು.

“ಬೇಕೂಂತ ಮಾಡುದ್ರೋ ಬ್ಯಾಡಾಂತ ಮಾಡುದ್ರೋ, ಅದು ನಿಮ್ ಲಾಯರುಗಳಿಗೆ ಬುಟ್ಟಿದ್ದು. ಆ ಮಕ್ಳಿಗೆ ಹಿಟ್ಟು ಹೋಯ್ತದಾ ಇಲ್ವಾ, ಅಷ್ಟು ಹೇಳು.”

ಇನ್ನೂ ಇಲ್ಲ ಎಂದೆ. ಅವಳು, ಹೊತ್ತೊತ್ತಿಗೆ ಉಣ್ಣು ಎಂದು ಹೇಳಿ ಫೋನು ಇಟ್ಟಳು.

ಅವತ್ತು ನನಗೆ ನೆನಪಾದದ್ದು ಮುನಿವೆಂಕಟಪ್ಪನವರು ನಡೆಸಿದ ಒಂದು ಬಂಡಿದಾರಿಯ ದಾವಾ. ಬಾಗಲೂರಿನಾಚೆಯ ಹಳ್ಳಿಯ ಮಾರಪ್ಪ ಎಂಬ ರೈತ, ದಾಯಾದಿಗಳ ಮೇಲಿನ ಸಿಟ್ಟಿಗೆ, ಅವರ ಹೊಲಕ್ಕೆ ಹೋಗುವ ದಾರಿಗೆ ಮುಳ್ಳುಬೇಲಿ ಹಾಕಿದ್ದ. ಆಚೆ ರಾಗಿ ಕಟಾವಿಗೆ ಬಂದಿತ್ತು. ನಾವು ಮಾರಪ್ಪನ ವಕೀಲರು. ಎದುರಿನವರು ತಡೆಯಾಜ್ಞೆ ಕೇಳಿದ್ದರು. ಕೋರ್ಟಿನ ಜಗಲಿಯಲ್ಲಿ ಸೀನಿಯರು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

“ನೋಡ್ಲಾ ಮಾರಪ್ಪ, ಕೋರ್ಟು ಬೇಲಿ ಕೀಳ್ಸುದ್ರೆ ಸೋತ ಅಂತಾರೆ. ನೀನೇ ಕಿತ್ತಾಕುದ್ರೆ ದೊಡ್ಡೋನು ಅಂತಾರೆ. ಬೇಲಿ ಅದೇ ಕಣ್ಲಾ. ದಾರಿ ನಿಂದಾ ಅವ್ರದಾ ಅನ್ನೋದು ಆಮ್ಯಾಕೆ ನೋಡನ.”

ಮಾರಪ್ಪ ಮುಖ ಗಂಟು ಹಾಕಿಕೊಂಡೇ ಹೆಬ್ಬೆಟ್ಟು ಒತ್ತಿದ. ದಾವಾ ಇತ್ಯರ್ಥವಾಗುವ ತನಕ, ತನ್ನ ಹಕ್ಕಿಗೆ ಬಾಧಕವಿಲ್ಲದಂತೆ, ದಾರಿಗೆ ಅಡ್ಡಿ ಮಾಡುವುದಿಲ್ಲ ಎಂದು ನಾವೇ ಕೋರ್ಟಿಗೆ ಮುಚ್ಚಳಿಕೆ ಬರೆದುಕೊಟ್ಟೆವು. ಮುನ್ಸೀಫರು ಅದನ್ನು ದಾಖಲಿಸಿಕೊಂಡು ತಡೆಯಾಜ್ಞೆಯ ಅರ್ಜಿ ಮುಗಿಸಿದರು. ದಾವಾ ಬಹಳ ವರ್ಷ ನಡೆಯಿತು, ರಾಗಿ ಮಾತ್ರ ಅದೇ ವಾರ ಮನೆ ಸೇರಿತು. ನಮ್ಮ ಕೋರ್ಟುಗಳಲ್ಲಿ ದಿನಬೆಳಗಾದರೆ ನಡೆಯುವ ವಿದ್ಯೆ ಇದು. ನೀವೂ ಮಾಡಿರುತ್ತೀರಿ.

ಸೋಮವಾರ ನಮ್ಮ ಏಜೆಂಟ್ ಅಮ್ಮನವರ ಬಳಿ ಹೋಗಿ ಮಾರಪ್ಪನ ಕಥೆ ಹೇಳಿದೆ. ಆಕೆ ತನ್ನ ದೇಶದ ವಿದೇಶಾಂಗ ಇಲಾಖೆಯಲ್ಲೇ ಕೂದಲು ನರೆಸಿಕೊಂಡ ವಕೀಲೆ, ಕಡಿಮೆ ಮಾತಿನವರು. ಕಥೆ ಪೂರ್ತಿ ಕೇಳಿ, ಬೇಲಿಗೆ ಯಾವ ಮುಳ್ಳು ಹಾಕಿದ್ದ ಎಂದು ಕೇಳಿದರು. ಜಾಲಿ ಎಂದೆ. ಆಮೇಲೆ ಸೀದಾ ವಿಷಯಕ್ಕೆ ಬಂದರು: ಸೈನ್ಯ ಒಪ್ಪುವುದಿಲ್ಲ, ಸೈನ್ಯ ಒಪ್ಪದೆ ಮಂತ್ರಿ ಒಪ್ಪುವುದಿಲ್ಲ. ನಾನೆಂದೆ, ರಸ್ತೆ ತೆರೆದಿದೆ ಎಂದು ನಾವು ಹೇಳಿದ ಮರುದಿನವೇ ಎದುರಿನವರು ನಿಂತ ಲಾರಿಗಳ ಚಿತ್ರ ತೋರಿಸುತ್ತಾರೆ, ಆಮೇಲೆ ನಾಶಮಾಡುವ ಉದ್ದೇಶವಿಲ್ಲ ಎಂಬ ನಮ್ಮ ಮಾತಿಗೂ ಬೆಲೆ ಇರುವುದಿಲ್ಲ. ಅನ್ನ ಕಳಿಸುವವನಿಗೆ ಕೊಲ್ಲುವ ಉದ್ದೇಶವಿಲ್ಲ ಎಂದು ವಾದಿಸುವುದು ನಮಗೂ ಸುಲಭ. ಪ್ರೊಫೆಸರು ನನ್ನ ಕಡೆ ನಿಂತರು. ನಾನು ಬರೆದ ಉದ್ದದ ವಾಕ್ಯದಿಂದ ವಿಶೇಷಣಗಳನ್ನೆಲ್ಲ ಹೊಡೆದು, ಮೊಕದ್ದಮೆ ಮುಗಿಯುವ ತನಕ ಆಹಾರ ಮತ್ತು ಔಷಧಿಯ ಲಾರಿಗಳನ್ನು ಆ ರಸ್ತೆಯಲ್ಲಿ ತಡೆಯುವುದಿಲ್ಲ ಎಂಬಷ್ಟಕ್ಕೆ ತಂದು ನಿಲ್ಲಿಸಿದರು. ಅಮ್ಮನವರು ಅದನ್ನು ರಾಜಧಾನಿಗೆ ಕಳಿಸಿದರು.

ಉತ್ತರ ಬರಲಿಲ್ಲ. ಎದುರು ಪಕ್ಷದ ವಾದ ಮುಗಿಯಿತು, ನಮ್ಮ ಸರದಿ ಬಂತು, ಆಗಲೂ ಬರಲಿಲ್ಲ. ಆಕೆಯ ಭಾಷಣದ ಕೊನೆಯ ಹಾಳೆಯಲ್ಲಿ ಆ ವಾಕ್ಯವನ್ನು ಆವರಣ ಚಿಹ್ನೆಯೊಳಗೆ ಇಟ್ಟಿದ್ದೆವು, ಒಪ್ಪಿಗೆ ಬಂದರೆ ಓದಲು. ಒಪ್ಪಿಗೆಯಿಲ್ಲದೆ ಓದಿದರೆ ಆಕೆಯ ಕೆಲಸಕ್ಕೇ ಕುತ್ತು. ಓದದಿದ್ದರೆ ಏನೆಂಬುದು ನನಗೆ ಕಾಫಿ ಯಂತ್ರದ ಬಳಿಯೇ ಗೊತ್ತಾಗಿತ್ತು. ಅಮ್ಮನವರು ಕೊನೆಯ ಹಾಳೆಗೆ ಬಂದು ನಿಂತರು. ನೀರು ಕುಡಿದರು. ಆಮೇಲೆ, ಅದುವರೆಗೆ ಓದುತ್ತಿದ್ದ ಅದೇ ದನಿಯಲ್ಲಿ, ಆ ವಾಕ್ಯವನ್ನು ಓದಿದರು. ಪ್ರೊಫೆಸರು ಕಣ್ಣು ಮುಚ್ಚಿಕೊಂಡರು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು.

ಹೊರಗೆ ಬಂದ ಮೇಲೆ, ರಾಜಧಾನಿಯಿಂದ ಫೋನು ಬಂದಿತ್ತೇ ಎಂದು ಕೇಳಿದೆ.

“ಬಂದಿರಲಿಲ್ಲ. ಈಗ ಬರುತ್ತದೆ,” ಎಂದರು.

ಬಂತು. ಆಕೆ ಹೊರಗಿನ ಹುಲ್ಲಿನ ಮೇಲೆ ಓಡಾಡುತ್ತ ಬಹಳ ಹೊತ್ತು ಬೈಸಿಕೊಂಡರು. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಆ ಕಡೆಯಿಂದ ಕೇಳಿದರಂತೆ. ಲೋಕವೆಲ್ಲ ಕೇಳಿಸಿಕೊಂಡಾಗಿದೆ, ಬರುವುದಿಲ್ಲ ಎಂದರಂತೆ ಈಕೆ. ಇದು ನನ್ನ ಕೊನೆಯ ಮೊಕದ್ದಮೆ ಇರಬಹುದು ಎಂದು ನಮಗೆ ಹೇಳಿ, ಹಸಿವಾಗಿದೆ, ಊಟಕ್ಕೆ ನಡೆಯಿರಿ ಎಂದರು. ಇರಬಹುದು ಎಂದದ್ದು ನಿಜವೇ ಆಯಿತು. ಮಧ್ಯಂತರ ಆದೇಶ ಬಂದಾದ ಮೇಲೆ ಆಕೆಯನ್ನು ಯಾವುದೋ ತರಬೇತಿ ಶಾಲೆಗೆ ಹಾಕಿದರು. ಅಲ್ಲಿ ಕಿರಿಯರಿಗೆ ಪಾಠ ಹೇಳಿಕೊಂಡು ಆರಾಮವಾಗಿದ್ದೇನೆ ಎಂದು ಮೊನ್ನೆಯೂ ಫೋನಿನಲ್ಲಿ ಹೇಳಿದರು.

ನಿಮ್ಮ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಅನ್ನಿಸಿತು, ಬಹಳವೇ ಅನ್ನಿಸಿತು. ಆದರೆ ಆ ದೇಶಕ್ಕೆ ವಕೀಲರೇ ಇಲ್ಲದಿದ್ದರೆ ಅದಕ್ಕೆ ಇದನ್ನು ಯಾರು ಹೇಳುತ್ತಿದ್ದರು? ಶತ್ರು ಹೇಳಿದರೆ ಸರ್ಕಾರ ಕೇಳುವುದಿಲ್ಲ. ಸುಳ್ಳು ಹೇಳಬೇಡ, ಬೇಲಿ ಕೀಳು ಎಂದು ಕಿವಿಯ ಹತ್ತಿರ ಹೋಗಿ ಹೇಳುವವನು ಅದರದೇ ವಕೀಲ. ಕಕ್ಷಿದಾರ ಹೇಳಿದ್ದನ್ನೆಲ್ಲ ಬರೆದುಕೊಡುವವನು ಗುಮಾಸ್ತ, ವಕೀಲನಲ್ಲ.

ಕೆಲವು ವಾರಗಳ ನಂತರ ಆದೇಶ ಓದಿದರು. ನಮ್ಮ ಕಕ್ಷಿದಾರನ ಮೇಲೆ ಬೇರೆ ಕೆಲವು ನಿರ್ಬಂಧಗಳನ್ನು ಹಾಕಿದರು. ರಸ್ತೆಯ ವಿಷಯದಲ್ಲಿ ಮಾತ್ರ, ಏಜೆಂಟ್ ಕೊಟ್ಟ ಭರವಸೆಯನ್ನು ದಾಖಲಿಸಿಕೊಂಡಿದ್ದೇವೆ, ಅದಕ್ಕೆ ಆ ದೇಶ ಬದ್ಧ, ಬೇರೆ ಆದೇಶ ಬೇಡ ಎಂದರು. ನಮ್ಮ ಕಕ್ಷಿದಾರ ದೇಶದ ಟೀವಿಗಳು ಗೆದ್ದೆವು ಎಂದವು, ಅವರ ಕಡೆಯ ಟೀವಿಗಳೂ ಗೆದ್ದೆವು ಎಂದವು. ಮೂಲ ಮೊಕದ್ದಮೆ ಇನ್ನೂ ನಡೆಯುತ್ತಿದೆ, ಅದರ ತೀರ್ಪನ್ನು ನಿಮ್ಮಂತೆ ನಾನೂ ಸುದ್ದಿಯಲ್ಲಿ ನೋಡುವವನು. ಆವತ್ತು ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಲಾರಿ ಬೆಟ್ಟ ಹತ್ತಿತೋ ಇಲ್ಲವೋ? ಹತ್ತಿದೆ ಎಂದು ಸರ್ಕಾರ ಹೇಳಿತ್ತು. ಅಂಥ ವಾಕ್ಯಗಳನ್ನು ನಾನೇ ಎಷ್ಟೋ ಬರೆದುಕೊಟ್ಟವನು, ಬೇಗ ನಂಬುವುದಿಲ್ಲ.

ಎಲ್ಲರೂ ಮೆಟ್ಟಿಲಿಳಿಯುತ್ತಿದ್ದಾಗ ಎದುರು ಪಕ್ಷದ ಆ ಹುಡುಗಿ ನನ್ನ ಕಡೆಗೇ ನೇರವಾಗಿ ಬಂದಳು. ಮುಖ ಕೆಂಪಗಾಗಿತ್ತು. ಜಗಳಕ್ಕೇ ಬಂದಳು ಎಂದುಕೊಂಡು ನಿಂತೆ.

“ನಿಮ್ಮವರು ಕಳಿಸಿದ ಹಿಟ್ಟಿನಲ್ಲಿ ಹುಳ ಇದೆ,” ಎಂದಳು.

ಯಾರು ಹೇಳಿದರು ಎಂದು ಕೇಳಿದೆ. ಬೆಟ್ಟದಲ್ಲಿರುವ ನಮ್ಮಮ್ಮ ಎಂದಳು. ಲಾರಿ ಡ್ರೈವರನ ಫೋನು ಇಸಿದುಕೊಂಡು ಮಾಡಿದ್ದಳಂತೆ. ಇಷ್ಟು ತಿಂಗಳಾದ ಮೇಲೆ ಮಗಳ ದನಿ ಕೇಳಿ, ಹೇಗಿದ್ದೀಯ ಎಂದು ಒಂದು ಮಾತು ಕೇಳಿ, ಉಳಿದಷ್ಟು ಹೊತ್ತೂ ಆ ಹಿಟ್ಟನ್ನು ಬೈದಳಂತೆ. ಎರಡು ಸಲ ಜರಡಿ ಹಿಡಿದರೂ ಹೋಗಲಿಲ್ಲ, ರೊಟ್ಟಿ ಕಹಿಯಾಗಿತ್ತು, ಇಂಥದ್ದನ್ನು ಜನಕ್ಕೆ ಕಳಿಸುತ್ತಾರಾ, ಕೋರ್ಟಿನಲ್ಲಿ ಹೇಳು ಎಂದಳಂತೆ. ಹೇಳುತ್ತ ಹೇಳುತ್ತ ಹುಡುಗಿಯ ಕಣ್ಣು ತುಂಬಿಕೊಂಡವು. ನನ್ನವೂ ತುಂಬಿಕೊಂಡವು, ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಸಂತೋಷ ನನಗೆ ಇನ್ನಾವತ್ತೂ ಆಗಿಲ್ಲ. ಅವಳನ್ನು ಅಲ್ಲೇ ನಿಲ್ಲಿಸಿ, ಅಮ್ಮನವರನ್ನು ಕರೆತಂದು, ಎದುರು ಪಕ್ಷದ ದೂರು ಹೀಗಿದೆ ಎಂದು ಹೇಳಿದೆ. ಅಮ್ಮನವರು ಹುಡುಗಿಯ ಕೈ ಹಿಡಿದುಕೊಂಡು, ಹುಳ ಇದ್ದದ್ದು ನಿಜ, ತಪ್ಪು ನಮ್ಮದೇ, ಒಳ್ಳೆಯ ಹಿಟ್ಟು ಕಳಿಸುತ್ತೇವೆ ಎಂದರು. ಆ ಮೊಕದ್ದಮೆಯಲ್ಲಿ ನಮ್ಮ ಮೇಲೆ ಬಂದ ಆಪಾದನೆಗಳಲ್ಲಿ ಯಾವ ಷರತ್ತೂ ಇಲ್ಲದೆ ನಾವು ಒಪ್ಪಿಕೊಂಡದ್ದು ಅದೊಂದನ್ನೇ.